ಆಫೀಸಿಗೆ ಹಚ್ಚೂಣು

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಊಟದ ಬಿಡುವಿನಲ್ಲಿ ವಿಶ್ರಾಂತಿ ಕೋಣೆಯ ನೆಲದ ಮೇಲೆ ಅಡ್ಡಾಗಿದ್ದ ಹೆಂಗಸರನ್ನು ಫ್ಲೋರ್ ಇನ್‌ಚಾರ್ಜ್ ಶ್ರೀಕಾಂತ್ ಬಾಗಿಲ ಸಂದಿಯಿಂದ ತನ್ನ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡ. ಹಿಂದೆ ಒಂದು ಹಾಡು ಸೇರಿಸಿ ರೀಲ್ ಮಾಡಿ ತನ್ನ ಪೇಜಿಗೆ ಹಾಕಿದ. ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ ಒಬ್ಬ ಬಾಣಂತಿ, ಕಟ್ಟಿಕೊಂಡ ಎದೆಹಾಲನ್ನು ಟವೆಲಿಗೆ ಹಿಂಡಿಕೊಳ್ಳುತ್ತಿದ್ದಳು. ಅವಳೂ ರೀಲಿನಲ್ಲಿ ಬಂದಳು. ಮೇಲೆ ‘ನಮ್ಮ ಕಂಪನಿ ಡೈರಿ ಸೆಕ್ಷನ್’ ಎಂದು ಬರೆದು ನಗುವ ಮುಖಗಳನ್ನು ಅಂಟಿಸಲಾಗಿತ್ತು.

ಆ ಕಾರ್ಖಾನೆಯಲ್ಲಿ ಹೊಲಿಯುವವರು ಒಳಗೆ ಮೊಬೈಲ್ ಒಯ್ಯುವಂತಿಲ್ಲ. ಗೇಟಿನಲ್ಲಿ ಸೆಕ್ಯೂರಿಟಿಯವನ ಮುಂದಿನ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಾಕಿ ಹೋಗಬೇಕು. ಹೊರದೇಶದ ಕಂಪನಿಯ ಬಟ್ಟೆ, ಮುಂದಿನ ಸೀಸನ್ನಿನ ಡಿಸೈನು, ಅದರ ಗೋಪ್ಯತೆ ಕಾಪಾಡಬೇಕು ಎಂದು ಗೋಡೆಯ ಮೇಲೆ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಬರೆಸಿದ್ದಾರೆ. ಅಂಗಿಯ ಕಾಲರಿಗೆ ಗೋಪ್ಯತೆ ಇದೆ. ಅದನ್ನು ಹೊಲಿದವಳಿಗೆ ಇಲ್ಲ. ಶ್ರೀಕಾಂತ್ ಸ್ಟಾಫು, ಅವನ ಮೊಬೈಲು ಅವನ ಕಿಸೆಯಲ್ಲೇ ಇರುತ್ತದೆ.

ಮಹಾದೇವಿ ಆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವ ಟೇಲರ್. ಕುಷ್ಟಗಿಯ ಕಡೆಯವಳು. ಗಾರೆ ಕೆಲಸದ ಗಂಡ ಹನುಮೇಶನೊಂದಿಗೆ ಟಿ. ದಾಸರಹಳ್ಳಿಯ ಒಂದು ಕೋಣೆಯಲ್ಲಿದ್ದಾಳೆ. ರೀಲು ಅವಳಿಗೆ ಬಂದದ್ದು ಗಂಡನ ಮೊಬೈಲಿನಿಂದ.

“ಏ, ಇದು ನಿಮ್ ಕಾರ್ಖಾನಿ ಅಲ್ಲೇನು?” ಹನುಮೇಶ ನಗುತ್ತ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮುಖಕ್ಕೆ ಮೊಬೈಲು ಹಿಡಿದ. “ನಮ್ ಸೈಟಿನ್ಯಾಗ ಎಲ್ಲಾರ ಮೊಬೈಲಿಗೂ ಬಂದೈತಿ. ಇಲ್ಲಿ ನೋಡು, ಬಾಯಿ ತಕ್ಕೊಂಡು ಗೊರಕಿ ಹೊಡಿಯಾಕಿ ನೀನ ಅಲ್ಲೇನು?”

ಹೌದು, ಅವಳೇ. ಮಹಾದೇವಿಯ ಕೈ ಹಿಟ್ಟಿನ ಮೇಲೆ ನಿಂತಿತು. ನಂತರ ಪರದೆಯ ಮೇಲೆ ಮೂಲೆಯ ಬೆನ್ನು ಬಂತು. ಎಲ್ಲರಿಗೂ ಒಂದೇ ನೀಲಿ ಕೋಟು, ತಲೆಗೆ ಒಂದೇ ಬಿಳಿ ಬಟ್ಟೆ. ಬೆನ್ನು ಯಾರದೆಂದು ತಿಳಿಯಲಿಲ್ಲ. ಕೈ ಏನು ಮಾಡುತ್ತಿದೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

“ಅಳಸ್ ಅದನ್ನ.”

“ನಾ ಅಳಿಸಿದ್ರ ಊರ ಮಂದಿ ಮೊಬೈಲಿನ್ಯಾಗಿಂದ ಹೋಕ್ಕೈತೇನು?”

ಅವನು ನಗುವುದನ್ನು ನಿಲ್ಲಿಸಿದ್ದ. ಅವಳು ನೋಡಿದ ಪರಿಗೆ ನಿಲ್ಲಿಸಿದ್ದ. ಆದರೆ ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ಕೊಡ ಇಟ್ಟು ನಿಂತಾಗ ಮೊಬೈಲಿಗೆ ಸವಿತಾಳ ವಾಯ್ಸ್ ಬಂತು. ಸವಿತಾ ಕಾರ್ಖಾನೆಯಲ್ಲಿ ಪಕ್ಕದ ಲೈನಿನವಳು, ಗುಂಡಿ ಹಚ್ಚುವವಳು. ಹೆರಿಗೆಯಾಗಿ ಕೆಲಸಕ್ಕೆ ಮರಳಿ ಹೆಚ್ಚು ದಿನವಾಗಿರಲಿಲ್ಲ. ರಾಜಗೋಪಾಲನಗರದಲ್ಲಿ ಅತ್ತೆ, ಗಂಡನ ಜೊತೆ ಇದ್ದಳು. ಮಹಾದೇವಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು.

“ಯಕ್ಕಾ, ಅದು ನಾನ. ನಮ್ಮತ್ತಿ ನೋಡಿ, ಯಾವಾಕಿ ಬೇ ಇವಳು ಮಾನಗೆಟ್ಟಾಕಿ ಅಂದ್ಲು. ನಾನೂ ಹೌದತ್ತಿ ಅಂದೆ. ನಿನಗ ಬಿಟ್ರ ಯಾರಿಗೂ ಹೇಳಿಲ್ಲ. ಗೊತ್ತಾದ್ರ ಕೂಸಿನ್ನ ಇಟ್ಕೊಂಡು ನನ್ನ ಹೊರಗ ಹಾಕ್ತಾರ. ಯಕ್ಕಾ, ಕೈ ಮುಗಿತೀನಿ.”

ಕೊಡ ತುಂಬಿ ಹರಿಯುತ್ತಿತ್ತು. ಹಿಂದೆ ನಿಂತವಳು ಬೈದಳು.

ಕಾರ್ಖಾನೆಯ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಯಾರೂ ಬರೆಯುತ್ತಿರಲಿಲ್ಲ, ಬರೆಯಲು ಬಾರದವರೇ ಹೆಚ್ಚು. ಎಲ್ಲವೂ ಮಾತಿನಲ್ಲೇ. ಜ್ವರದ ಸುದ್ದಿ, ಜಗಳ, ಊರಿನ ಬಸ್ಸು, ಯಾರದೋ ಮಗಳ ನಾಮಕರಣ, ಎಲ್ಲವೂ ಅವರವರ ದನಿಯಲ್ಲಿ. ಆ ದಿನ ಮಹಾದೇವಿ ಅದರಲ್ಲಿ ಮಾತಾಡಿದಳು.

“ಎಲ್ಲಾರೂ ಕೇಳ್ರಿ ಇಲ್ಲಿ. ನಾವೇನು ದನಾ ಅಲ್ಲ ಡೈರಿ ಅನ್ನಾಕ. ನಾಳಿ ಡ್ಯೂಟಿ ಬಿಟ್ಟ ಕೂಡ್ಲೆ ಎಲ್ಲಾರೂ ಕೂಡಿ ಆಫೀಸಿಗೆ ಹಚ್ಚೂಣು. ಒಬ್ಬಾಕಿ ಹಚ್ಚಿದ್ರ ಕ್ಯಾರೆ ಅನ್ನಂಗಿಲ್ಲ. ಎಲ್ಲಾರೂ ಹಚ್ಚಿದ್ರ ಬಿಸಿ ಮುಟ್ಟತೈತಿ. ಆ ಶ್ರೀಕಾಂತಗೂ ಗೊತ್ತಾಗ್ಲಿ.”

ಕುಷ್ಟಗಿ, ಸಿಂಧನೂರು, ಲಿಂಗಸುಗೂರಿನ ಹೆಂಗಸರಿಗೆ ಇದರಲ್ಲಿ ತಿಳಿಯದ್ದೇನೂ ಇರಲಿಲ್ಲ. ಆ ಕಡೆ ಯಾರೂ ಫೋನು ಮಾಡುವುದಿಲ್ಲ, ಫೋನು ಹಚ್ಚುತ್ತಾರೆ. ಮರುದಿನ ಸಂಜೆ ಕಾಂಪೌಂಡಿನ ಮೇಲೆ ದೂರುಗಳಿಗೆಂದು ಬರೆದಿದ್ದ ಆಫೀಸಿನ ನಂಬರಿಗೆ ಎಲ್ಲರೂ ಗೇಟಿನಾಚೆ ನಿಂತು ಹಚ್ಚಿದರು. ಅತ್ತಲಿಂದ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು, ಹಾಡು ಹಾಕಿತು, ಮತ್ತೆ ಅದನ್ನೇ ಹೇಳಿತು. ಬ್ಯಾಟರಿ ಇದ್ದವರು ಸ್ವಲ್ಪ ಹೊತ್ತು ಹಾಡು ಕೇಳಿದರು. ಆಮೇಲೆ ಬಸ್ಸು ಬಂತು.

“ಹಾಡು ಚಂದೈತಿ ಬಿಡವ್ವ, ಪುಕ್ಕಟೆ ಕೇಳಿಸಿದ್ರು” ಎಂದಳು ರುಕ್ಮವ್ವ. ಅವಳು ದಾರ ಕತ್ತರಿಸುವ ವಿಭಾಗದವಳು, ವಯಸ್ಸಾದವಳು, ಮಹಾದೇವಿಯ ಪಕ್ಕದ ಕೋಣೆಯಲ್ಲೇ ಇದ್ದವಳು. ಠಾಣೆಗೆ ಹೋಗೋಣ ಎಂದು ಮಹಾದೇವಿ ಅಂದಾಗ ಜೊತೆಗೆ ಬಂದವಳು ಅವಳೊಬ್ಬಳೇ.

ಇವರು ಹೇಳಿ ಕಳಿಸಿದ್ದರಿಂದ ವಕೀಲೆ ಸುಕೃತಿ ಠಾಣೆಗೆ ಬಂದಿದ್ದಳು. ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರ ಮಗಳು, ಜಾಲಹಳ್ಳಿಯಲ್ಲಿ ಬೆಳೆದವಳು. ಗಾರ್ಮೆಂಟ್ಸ್ ಹೆಂಗಸರ ಕೇಸುಗಳನ್ನು ಫೀಸಿಲ್ಲದೆ ನಡೆಸುತ್ತಿದ್ದಳು, ಹೆಚ್ಚಿನವನ್ನು ಸೋಲುತ್ತಿದ್ದಳು. ಒಪ್ಪಿಗೆ ಇಲ್ಲದೆ ಹೆಣ್ಣಿನ ಖಾಸಗಿ ಕ್ಷಣವನ್ನು ಚಿತ್ರೀಕರಿಸುವುದು ಅಪರಾಧ, ಹಂಚುವುದು ಇನ್ನೊಂದು ಅಪರಾಧ ಎಂದು ಅವಳು ಸೆಕ್ಷನ್ನುಗಳನ್ನು ಹೇಳಿದಳು. ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ರೀಲನ್ನು ಪೂರ್ತಿ ನೋಡಿದ. ಮತ್ತೊಮ್ಮೆ ನೋಡಿದ.

“ಯಾರಮ್ಮ ಇದು, ಮೂಲೇಲಿರೋದು?”

“ಗೊತ್ತಿಲ್ರಿ” ಎಂದಳು ಮಹಾದೇವಿ.

“ಆಯಮ್ಮನ್ನೇ ಕರ್ಕೊಂಡ್ಬನ್ನಿ. ಅವಳಿಗಿಲ್ಲದ ಉರಿ ನಿಮಗ್ಯಾಕೆ?”

“ನಾನೂ ಅದರಾಗ ಅದೀನ್ರಿ.”

“ನೀವು ಮಲಗಿದೀರ ಅಷ್ಟೇ. ಮಲಗೋದೇನ್ ಅಪರಾಧ ಅಲ್ಲ. ಮಲಗಿರೋದನ್ನ ತೋರ್ಸೋದೂ ಅಪರಾಧ ಅಲ್ಲ.” ಅವನು ಸುಕೃತಿಯ ಕಡೆ ತಿರುಗಿದ. “ಮುಖ ಇಲ್ಲ, ಹೆಸರಿಲ್ಲ, ದೂರು ಕೊಡೋಳು ಇಲ್ಲ. ಬೆನ್ನಿಗೆಲ್ಲ ಎಫ್‌ಐಆರ್ ಹಾಕ್ತಾ ಕೂತ್ರೆ ಆಗುತ್ತಾ ಮೇಡಂ?”

ದೂರು ತೆಗೆದುಕೊಂಡದ್ದಕ್ಕೆ ಒಂದು ಸ್ವೀಕೃತಿ ಚೀಟಿ ಕೊಟ್ಟ. ಸುಕೃತಿ ಕಮಿಷನರ್ ಕಚೇರಿಗೂ ಅರ್ಜಿ ಹಾಕಿದಳು. ರೀಲು ಇದ್ದ ಆ್ಯಪಿಗೆ ದೂರು ಸಲ್ಲಿಸಿದಳು. ಪರಿಶೀಲಿಸಿದ್ದೇವೆ, ಈ ವಿಡಿಯೊ ನಮ್ಮ ನಿಯಮಗಳನ್ನು ಮೀರಿಲ್ಲ, ನಿಮಗೆ ಇಷ್ಟವಿಲ್ಲದಿದ್ದರೆ ಈ ಪೇಜನ್ನು ಮ್ಯೂಟ್ ಮಾಡಿಕೊಳ್ಳಬಹುದು ಎಂದು ಉತ್ತರ ಬಂತು. ಯಾವ ದೇಶದ ಯಾವ ಕೋಣೆಯಲ್ಲಿ ಯಾರು ಪರಿಶೀಲಿಸಿದರೋ, ಮನುಷ್ಯರೇ ನೋಡಿದರೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಅಷ್ಟರಲ್ಲಿ ಯಾರೋ ಹೇಳಿರಬೇಕು, ಶ್ರೀಕಾಂತ್ ತಾನೇ ರೀಲು ತೆಗೆದ. ‘ಸಾರಿ ಫ್ರೆಂಡ್ಸ್, ಜಸ್ಟ್ ಕಾಮಿಡಿ’ ಎಂದು ಕೈ ಮುಗಿದು ಇನ್ನೊಂದು ರೀಲು ಹಾಕಿದ. ಅದಕ್ಕೆ ಮೊದಲಿನದಕ್ಕಿಂತ ಹೆಚ್ಚು ಲೈಕು ಬಂತು. ಹಳೆಯದರ ನಕಲುಗಳು ಯಾರ್ಯಾರದೋ ಗುಂಪಿನಲ್ಲಿ ಓಡುತ್ತಲೇ ಇದ್ದವು.

“ಅಕ್ಕ, ಮೊಬೈಲಲ್ಲಿರೋದು ಏನನ್ನೂ ಅಳಿಸ್ಬೇಡಿ” ಎಂದಿದ್ದಳು ಸುಕೃತಿ. “ಎಲ್ಲಾ ಸಾಕ್ಷಿ. ಅಳಿಸಿದ್ರೆ ಸಾಕ್ಷಿ ನಾಶ ಮಾಡಿದ್ರು ಅಂತ ನಿಮ್ಮ ಮೇಲೇ ತಿರುಗಿಸ್ತಾರೆ.”

ಹಾಗಾಗಿ ಸವಿತಾಳ ದನಿ ಮಹಾದೇವಿಯ ಮೊಬೈಲಿನಲ್ಲೇ ಉಳಿಯಿತು.

ರುಕ್ಮವ್ವ ತನ್ನ ಮೊಬೈಲಿಗೆ ಲಾಕು ಹಾಕುತ್ತಿರಲಿಲ್ಲ. ಹಾಕಿದರೆ ಅವಳಿಗೇ ತೆಗೆಯಲು ಬರುತ್ತಿರಲಿಲ್ಲ. ಗೇಟಿನ ಕ್ರೇಟಿನಲ್ಲಿ ಬಿದ್ದಿದ್ದ ಆ ಮೊಬೈಲನ್ನು ಶ್ರೀಕಾಂತ್ ಎತ್ತಿಕೊಂಡ. ಕೇಳಬೇಕೆಂದು ಅವನಿಗೆ ಅನಿಸಲಿಲ್ಲ, ಕಾವಲಿನವನೂ ತಡೆಯಲಿಲ್ಲ. ಕಂಪನಿಯ ಕ್ರೇಟಿನಲ್ಲಿದ್ದದ್ದು ಕಂಪನಿಯದು. ಅವನು ಗುಂಪಿನ ಮಾತುಗಳನ್ನೆಲ್ಲ ಒಂದೊಂದಾಗಿ ಕೇಳಿದ. ಮಹಾದೇವಿಯ ಮಾತಿಗೆ ಬಂದಾಗ ಅದನ್ನು ತನ್ನ ಮೊಬೈಲಿಗೆ ಕಳಿಸಿಕೊಂಡು, ರುಕ್ಮವ್ವನದನ್ನು ಮತ್ತೆ ಕ್ರೇಟಿಗೆ ಹಾಕಿದ.

ಹೆಂಗಸರ ದೂರು ಚೀಟಿಯಾಗಿ ಕೂತಿದ್ದ ಅದೇ ಠಾಣೆಯಲ್ಲಿ ಕಂಪನಿಯ ದೂರು ಆ ಸಂಜೆಯೇ ಎಫ್‌ಐಆರ್ ಆಯಿತು. ಸಾಮಾಜಿಕ ಜಾಲತಾಣದ ಮೂಲಕ ಕಾರ್ಮಿಕರನ್ನು ಪ್ರಚೋದಿಸಿ ಕಾರ್ಖಾನೆಯ ಕಚೇರಿಗೆ ಬೆಂಕಿ ಹಚ್ಚಲು ಸಂಚು. ಆರೋಪಿ, ಹನುಮೇಶನ ಹೆಂಡತಿ ಮಹಾದೇವಿ. ಅವಳ ಮೊಬೈಲು ಪೊಲೀಸರ ವಶಕ್ಕೆ ಹೋಯಿತು. ವಿಚಾರಣೆಗೆ ಬರಬೇಕೆಂದು ನೋಟಿಸು ಬಂತು. ಅವಳನ್ನೂ ರುಕ್ಮವ್ವನನ್ನೂ ಗೇಟಿನಲ್ಲೇ ತಡೆದು ವಾಪಸು ಕಳಿಸಿದರು. ಉಳಿದವರು ಒಬ್ಬೊಬ್ಬರಾಗಿ ಗುಂಪು ಬಿಟ್ಟರು ಎಂದು ರುಕ್ಮವ್ವ ತನ್ನ ಮೊಬೈಲು ತೋರಿಸಿದಳು. ಸವಿತಾಳೂ ಬಿಟ್ಟಿದ್ದಳು.

ಒಂದು ಬೆಳಿಗ್ಗೆ ದಾಸರಹಳ್ಳಿಯ ಬಸ್ ಸ್ಟಾಪಿನಲ್ಲಿ ಸವಿತಾ ಎದುರಾದಳು. ಮಹಾದೇವಿ ಕೈ ಎತ್ತಿದಳು. ಸವಿತಾ ನೋಡಿದಳು. ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರಸ್ತೆ ದಾಟಿ ಆಚೆ ಹೋಗಿ ನಿಂತಳು.

ವಿಚಾರಣೆಯ ದಿನ ಮಧ್ಯಾಹ್ನ ಕರೆದವರು ಇನ್‌ಸ್ಪೆಕ್ಟರ್ ಎದುರು ಕೂರಿಸಿದ್ದು ಇಳಿಹೊತ್ತಿಗೆ. ಸುಕೃತಿ ಪಕ್ಕದಲ್ಲಿದ್ದಳು. ಹನುಮೇಶ ಸೈಟಿನಿಂದ ನೇರ ಬಂದಿದ್ದ, ಮೊಣಕೈವರೆಗೂ ಸಿಮೆಂಟು. ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕೂತಿದ್ದ.

ಇನ್‌ಸ್ಪೆಕ್ಟರ್ ಓದಿದ. “‘ಎಲ್ಲರೂ ಸೇರಿ ಆಫೀಸಿಗೆ ಬೆಂಕಿ ಹಚ್ಚೋಣ.’ ನೀನೇ ತಾನೇನಮ್ಮ ಹೇಳಿರೋದು?”

“ಬೆಂಕಿ ಅಂದಿಲ್ರಿ ಸಾಹೇಬ್ರ.”

“ಮತ್ತೇನ್ ಹಚ್ತೀಯ? ಊದುಬತ್ತಿನಾ?”

ಹಿಂದೆ ನಿಂತ ಮಹಿಳಾ ಪೇದೆ ಮುಸಿಮುಸಿ ನಕ್ಕಳು.

“ಫೋನ್ರಿ.”

“ಫೋನನ್ನ ಯಾರಾದ್ರೂ ಹಚ್ತಾರಾ? ಮಾಡ್ತಾರೆ ಕಣಮ್ಮ.”

“ನಮ್ ಕಡಿ ಹಚ್ಚತಾರ್ರಿ. ಫೋನ್ ಹಚ್ಚತೀವಿ, ಟೀವಿ ಹಚ್ಚತೀವಿ, ಹುಡುಗ್ರನ್ನ ಸಾಲಿಗೆ ಹಚ್ಚತೀವಿ. ನಾ ಮಾತಾಡಿದ್ದ ನಿಮ್ಮ ಹತ್ರ ಐತೆಲ್ರಿ, ಹಾಕ್ರಿ. ಬೆಂಕಿ ಎಲ್ಲೈತಿ ತೋರಸ್ರಿ.”

ಅವನು ಹಾಕಿಸಿದ. ಅವಳ ದನಿ ಠಾಣೆಯ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿತು. ಅದರಲ್ಲಿ ಬೆಂಕಿ ಇರಲಿಲ್ಲ.

“ಬಿಸಿ ಮುಟ್ಟುತ್ತೆ ಅಂದಿದೀಯಲ್ಲ” ಎಂದ ಇನ್‌ಸ್ಪೆಕ್ಟರ್. “ಬೆಂಕಿ ಇಲ್ದೆ ಬಿಸಿ ಎಲ್ಲಿಂದ ಬರುತ್ತೆ?”

“ಸಾರ್, ಅವರು ಆಡದ ಒಂದು ಪದ ಸೇರ್ಸಿದೀರಿ” ಎಂದಳು ಸುಕೃತಿ. “ಕೇಸ್ ನಿಂತಿರೋದೇ ಆ ಪದದ ಮೇಲೆ.”

“ಅರ್ಥ ಆಗ್ಲಿ ಅಂತ ಸೇರ್ಸಿರ್ತಾನೆ ಮೇಡಂ. ನಮ್ಮ ರೈಟರ್ ಮಾಲೂರಿನೋನು. ಅವನ ಕಡೆ ಆಫೀಸಿಗೆ ಹಚ್ಚೋಣ ಅಂದ್ರೆ ಬೆಂಕಿನೇ. ನೀವು ಇದನ್ನೆಲ್ಲ ಕೋರ್ಟಲ್ಲಿ ಹೇಳ್ಕೊಳಿ, ಟ್ರಯಲ್ ಬಂದಾಗ.”

“ಅದು ಯಾವಾಗ್ ಬರತೈತ್ರಿ?” ಬೆಂಚಿನ ತುದಿಯಿಂದ ಹನುಮೇಶ ಕೇಳಿದ.

“ಬರುತ್ತೆ ಬಿಡಪ್ಪ. ಯಾವತ್ತಾದ್ರೂ ಬರುತ್ತೆ.”

ಹೇಳಿ ಅವನು ಕುರ್ಚಿಗೆ ಒರಗಿದ. ಈಗ ಮಾತು ಮೆತ್ತಗಾಯಿತು. ಕಮಿಷನರ್ ಕಚೇರಿಯಿಂದ ರೀಲಿನ ಅರ್ಜಿಯ ಬಗ್ಗೆ ಕೇಳಿದ್ದಾರೆ. ಕಂಪನಿಯ ವಕೀಲರೂ ಬಂದಿದ್ದರು, ಒಳ್ಳೆಯವರು. ಹೊರದೇಶದವರ ಕಿವಿಗೆ ಬಿದ್ದರೆ ಆರ್ಡರು ಹೋಗುತ್ತದೆ, ಆರ್ಡರು ಹೋದರೆ ಎಷ್ಟು ಹೆಂಗಸರ ಕೆಲಸ ಹೋಗುತ್ತದೆ ಯೋಚಿಸಿ. ಮೂಲೆಯಲ್ಲಿ ಕೂತಿದ್ದವಳು ಬಂದು, ನನ್ನದೇನೂ ಆಕ್ಷೇಪಣೆ ಇಲ್ಲ ಎಂದು ಸಹಿ ಹಾಕಿದರೆ ಸಾಕು. ಆ ಕಡೆಯದೂ ಮುಗಿಯಿತು, ಈ ಬೆಂಕಿಯದೂ ಮುಗಿಯಿತು.

“ನೀನು ಗೊತ್ತಿಲ್ಲ ಅಂತೀಯ. ಹೋಗ್ಲಿ, ನಿನ್ ಫೋನ್ ಹೇಳುತ್ತೆ. ಬೆರಳಿಟ್ಟು ತೆಗೆದುಕೊಡು.”

“ವಾರೆಂಟ್ ಎಲ್ಲಿ ಸಾರ್?” ಎಂದಳು ಸುಕೃತಿ. “ಫೋನಲ್ಲಿ ಬೇರೆಯವರ ಖಾಸಗಿ ವಿಷಯಗಳಿರುತ್ತೆ. ಬೆಂಕಿ ಕೇಸಲ್ಲಿ ಅದನ್ನ ಹುಡುಕೋ ಹಾಗಿಲ್ಲ.”

“ತರ್ತೀನಿ ಮೇಡಂ, ಬೇಕಾದ್ರೆ ತರ್ತೀನಿ. ಅಲ್ಲಿವರೆಗೂ ಇವರೆಲ್ಲಿರ್ತಾರೆ? ವಿಚಾರಣೆಗೆ ಸಹಕರಿಸಲಿಲ್ಲ ಅಂತ ಬರೆದ್ರೆ ಒಳಗೆ ಕಳಿಸ್ಬೇಕಾಗುತ್ತೆ.” ಅವನು ಕಿಟಕಿಯ ಕಡೆ ನೋಡಿದ. ಹೊರಗಿನ ಬೆಳಕು ಹಳದಿಗೆ ತಿರುಗಿತ್ತು. “ಕತ್ತಲಾದ್ಮೇಲೆ ಹೆಂಗಸರನ್ನ ಅರೆಸ್ಟ್ ಮಾಡೋ ಹಾಗಿಲ್ಲ ನೋಡಿ. ನಿಮ್ಮ ರಕ್ಷಣೆಗೇ ಮಾಡಿರೋ ಕಾನೂನು. ಅದಕ್ಕೇ, ಬೇಗ ತೀರ್ಮಾನ ಮಾಡ್ಕೊಂಡ್ಬನ್ನಿ.”

ಮೂವರೂ ಹೊರಗೆ ಬಂದು ಜಪ್ತಿ ಮಾಡಿದ ಬೈಕುಗಳ ನಡುವೆ ನಿಂತರು. ತುಮಕೂರು ರಸ್ತೆಯ ಸದ್ದಿಗೆ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಸುಕೃತಿ ಹತ್ತಿರ ಬಂದು ಹೇಳಿದಳು.

“ಅಕ್ಕ, ನಾನು ಸುಳ್ಳು ಹೇಳಲ್ಲ. ಇವತ್ತು ನೀವು ಕೊಡದೇ ಇದ್ರೂ ಅವರು ಆರ್ಡರ್ ತರಬಹುದು. ಲ್ಯಾಬ್‌ಗೆ ಕಳಿಸ್ತಾರೆ, ನೀವಿಲ್ಲದೇನೂ ತೆಗೀತಾರೆ. ನಾನು ಕೋರ್ಟಲ್ಲಿ ವಿರೋಧ ಮಾಡ್ತೀನಿ. ಆದ್ರೆ ಗೆಲ್ತೀನಿ ಅಂತ ಹೇಳಕ್ಕಾಗಲ್ಲ.”

“ಹಂಗಾದ್ರ ಕೊಡೂದ ಛಲೋ ಅಂತೀರೇನ್ರಿ ಮೇಡಮ್?”

ಸುಕೃತಿ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿದಳು.

ಹನುಮೇಶ ಬಾಯಿ ತೆರೆದ. “ಮಾದೇವಿ, ಕೊಟ್ಟ ಬಿಡು. ಹೆಂಗೂ ತಗೀತಾರ ಅಂತಾರಲ್ಲ ಇವ್ರು. ನೀ ಒಳಗ ಹೋಗಿ ಏನ್ ಉಳಿಸ್ತಿ?”

“ಗೊತ್ತಿಲ್ಲ.”

“ಆಕಿ ಯಾವಾಕೋ ಏನೋ, ನಾ ಕೇಳಿಲ್ಲ, ಕೇಳಂಗೂ ಇಲ್ಲ. ಆದ್ರ ಒಂದ್ ಮಾತು ಹೇಳು. ಹೆಂಗದಿ ಯಕ್ಕಾ ಅಂತ ಆಕಿ ನಿನಗ ಒಂದಿನಾರ ಫೋನ್ ಹಚ್ಯಾಳೇನು?”

ಮಹಾದೇವಿ ರಸ್ತೆಯ ಕಡೆ ನೋಡುತ್ತಿದ್ದಳು. ಪಾಳಿ ಬಿಟ್ಟ ಹೆಂಗಸರ ಬಸ್ಸೊಂದು ಜೋತುಬಿದ್ದವರನ್ನು ಹೊತ್ತು ಹೊರಳಿ ಹೋಯಿತು.

“ಇಲ್ಲ. ಆಕಿ ಕೂಸು ಇನ್ನಾ ಮೊಲಿ ಬಿಟ್ಟಿಲ್ಲ” ಎಂದಳು.

“ನಿನಗ ಹುಚ್ಚ್ ಹಿಡದೈತಿ.” ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಹೋದರೆ ಕೈಯ ಸಿಮೆಂಟು. “ಕೆಲಸಾ ಹೋತು. ಮನಿ ಮಾಲಕಿ ಖಾಲಿ ಮಾಡ್ರಿ ಅಂದಾಳ. ಊರಾಗ ನಿಮ್ಮಪ್ಪಗ ಏನಂತ ಹೇಳ್ಲಿ? ಬೆಂಕಿ ಹಚ್ಚಾಕ ಹೋಗಿ ಜೇಲಿಗೆ ಹೋದ್ಳು ಅನ್ಲೇನು?”

“ಫೋನ್ ಹಚ್ಚಾಕ ಹೋಗಿ ಅನ್ನು.”

ಅವನು ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ.

ಸುಕೃತಿ ಕೊನೆಗೆ ಮಾತಾಡಿದಳು. “ಅಕ್ಕ, ನಾಳೆ ಬೇಲ್ ಹಾಕ್ತೀನಿ. ನಾಳಿದ್ದು ಎರಡನೇ ಶನಿವಾರ, ಆಮೇಲೆ ಭಾನುವಾರ. ನಾಳೆ ಆಗದಿದ್ರೆ ಸೋಮವಾರದವರೆಗೂ ಒಳಗೇ ಇರ್ಬೇಕಾಗುತ್ತೆ.”

ಒಳಗೆ ಹೋದಾಗ ಮೇಜಿನ ಮೇಲೆ ಅವಳ ಮೊಬೈಲು ಇತ್ತು. ಪಾರದರ್ಶಕ ಕವರಿನಲ್ಲಿ ಹಾಕಿ ಮೇಲೆ ಬಿಳಿ ಚೀಟಿ ಅಂಟಿಸಿದ್ದರು. ಆ ಚೀಟಿಯಲ್ಲೂ ಅವಳ ಹೆಸರಿತ್ತು. ಚಾರ್ಜಿಗೆ ಹಾಕಿಟ್ಟು ತುಂಬಿಸಿದ್ದರು. ಮಹಿಳಾ ಪೇದೆ ಕವರು ಹರಿದು ಮೊಬೈಲು ತೆಗೆದಳು. ಗುಂಡಿ ಒತ್ತಿದಾಗ ಪರದೆ ಬೆಳಗಿತು.

ಗೋಡೆಯ ಬಳಿ ರೈಟರ್ ಕೂಡ ಬಂದು ನಿಂತಿದ್ದ. ಅವನ ಕೈಯಲ್ಲಿ ಬರೆಯಲು ತಯಾರಾದ ಪೆನ್ನು. ಅವಳು ಬೆರಳಿಟ್ಟರೆ ಸವಿತಾಳ ದನಿ ಈ ಕೋಣೆಯಲ್ಲಿ ಕೇಳುತ್ತದೆ. ಇವರೆಲ್ಲ ಕೇಳುತ್ತಾರೆ, ಮತ್ತೊಮ್ಮೆ ಹಾಕಿ ಕೇಳುತ್ತಾರೆ. ರೈಟರ್ ಅದನ್ನು ಬರೆದುಕೊಳ್ಳುತ್ತಾನೆ, ಅರ್ಥವಾಗಲಿ ಎಂದು ಒಂದೆರಡು ಪದ ಸೇರಿಸುತ್ತಾನೆ. ಆಮೇಲೆ ಜೀಪು ರಾಜಗೋಪಾಲನಗರಕ್ಕೆ ಹೋಗಿ ಒಂದು ಬಾಗಿಲ ಮುಂದೆ ನಿಲ್ಲುತ್ತದೆ. ಅತ್ತೆ ಬಾಗಿಲು ತೆಗೆಯುತ್ತಾಳೆ.

“ಏನಮ್ಮ, ಬುದ್ಧಿ ಬಂತಾ?” ಎಂದ ಇನ್‌ಸ್ಪೆಕ್ಟರ್. “ನಾವೇನ್ ಕೈ ಹಿಡಿದು ಒತ್ತಿಸಲ್ಲ, ಮೇಡಂ ಕೂತಿದಾರಲ್ಲ. ನೀನಾಗೇ ಇಡು.”

ಪೇದೆ ಮೊಬೈಲನ್ನು ಅವಳ ಮುಂದೆ ಹಿಡಿದಳು. “ಇಡಕ್ಕಾ” ಎಂದಳು ಸಣ್ಣ ದನಿಯಲ್ಲಿ. “ಯಾಕೆ ಸುಮ್ನೆ. ಮಕ್ಕಳು ಮರಿ ಇಲ್ವಾ ನಿಂಗೆ? ಇಟ್ಟು ಮನೆಗೆ ಹೋಗಕ್ಕಾ.”

ಮಹಾದೇವಿ ಅವಳ ಮುಖ ನೋಡಿದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ಅವಳೂ ಇದೇ ಪೀಣ್ಯದ ಯಾವುದೋ ಓಣಿಯಿಂದ ಬಂದವಳೇ ಇರಬೇಕು.

ಪರದೆ ಆರಿತು. ಪೇದೆ ಮತ್ತೆ ಒತ್ತಿದಳು, ಮತ್ತೆ ಬೆಳಗಿತು. ಹನುಮೇಶ ಬೆಂಚಿನಿಂದ ಎದ್ದು ನಿಂತಿದ್ದ. ಕಿಟಕಿಯ ಬೆಳಕು ಇನ್ನೂ ಇತ್ತು.

“ಹೆಬ್ಬೆಟ್ಟಿಡು” ಎಂದ ಇನ್‌ಸ್ಪೆಕ್ಟರ್.

ಮಹಾದೇವಿ ಬಲಗೈಯನ್ನು ಎಡಕಂಕುಳಲ್ಲಿ ಅವಿತಿಟ್ಟುಕೊಂಡಳು.

“ಇಡಂಗಿಲ್ರಿ.”